ರೇಷ್ಮೆ ಹುಳು ಮನೆಗಳಿರುವ ಊರಲ್ಲಿ ಫಾಗಿಂಗ್ ಬಿಟ್ಟು ಸೊಳ್ಳೆ ಹತೋಟಿ ಆಗುತ್ತಾ?

ಪ್ರಶ್ನೆ: ಶಿಡ್ಲಘಟ್ಟ ತಾಲ್ಲೂಕಿನ ಗ್ರಾಮ ಪಂಚಾಯ್ತಿ ಸದಸ್ಯ ನಾನು. ಡೆಂಗ್ಯೂ ಸುದ್ದಿ ಬಂದ ತಕ್ಷಣ ಊರಿನವರು ಫಾಗಿಂಗ್ ಮಾಡಿಸಿ ಅಂತಾರೆ, ರೇಷ್ಮೆ ಹುಳು ಮೇಯಿಸುವವರು ಬೇಡವೇ ಬೇಡ ಅಂತಾರೆ. ಹೊಗೆ ಬಿಡದೆ ಬೇರೆ ದಾರಿ ಇದೆಯಾ?

ಉತ್ತರ: ಇದೆ. ಫಾಗಿಂಗ್ ಮಿಷನ್‌ಗಿಂತ ಊರಿಗೆ ನೀರು ಬಿಡುವ ನಿಮ್ಮ ನೀರುಗಂಟಿಯಿಂದ ಹೆಚ್ಚು ಕೆಲಸ ಆಗುತ್ತೆ.

ಡೆಂಗ್ಯೂ ಹರಡುವ ಈಡಿಸ್ ಸೊಳ್ಳೆ ಹಗಲು ಕಚ್ಚುತ್ತೆ, ಮಿಕ್ಕ ಹೊತ್ತು ಮಂಚದ ಕೆಳಗೋ ನೇತುಹಾಕಿದ ಬಟ್ಟೆ ಹಿಂದೆಯೋ ಕೂತಿರುತ್ತೆ. ಬೀದಿಯಲ್ಲಿ ಬಿಟ್ಟ ಹೊಗೆ ಅಲ್ಲಿಗೆ ಸರಿಯಾಗಿ ಮುಟ್ಟುವುದಿಲ್ಲ. ಮುಟ್ಟಿದರೂ ತೊಟ್ಟಿಯೊಳಗಿನ ಲಾರ್ವಾಗೆ (ಸೊಳ್ಳೆ ಮರಿಗೆ) ಏನೂ ಆಗದು, ವಾರದೊಳಗೆ ಹೊಸ ಸೊಳ್ಳೆ ಎದ್ದಿರುತ್ತೆ. ಸದ್ದು, ಹೊಗೆ ನೋಡಿ ಪಂಚಾಯ್ತಿ ಕೆಲಸ ಮಾಡ್ತಿದೆ ಅನ್ನೋ ಸಮಾಧಾನ ಮಾತ್ರ ಉಳಿಯುತ್ತೆ. ಅದೇ ಹೊಗೆಯಲ್ಲಿ ಬಳಸುವ ಪೈರೆಥ್ರಾಯ್ಡ್ ಕೀಟನಾಶಕ ಹುಳು ಮನೆಗೆ ಹೊಕ್ಕರೆ ಹುಳು ತಲೆ ಎತ್ತಿ ಒದ್ದಾಡಿ, ಬಾಯಿಂದ ರಸ ಕಕ್ಕಿ, ಕುಗ್ಗಿ ಸಾಯುತ್ತೆ.

ಎಚ್.ಎನ್. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನಿಂದ ಬರುವ ಸಂಸ್ಕರಿಸಿದ ಕೊಳಚೆ ನೀರು ತುಂಬಿದ ಕೆರೆಯನ್ನೂ ಕೆಲವರು ದೂರುತ್ತಾರೆ. ಈಡಿಸ್‌ಗೆ ಬೇಕಿರುವುದು ಕೆರೆಯಲ್ಲ, ಮನೆಯಲ್ಲಿ ಕೂಡಿಟ್ಟ ತಿಳಿನೀರು. ಚರಂಡಿ ಸೊಳ್ಳೆ ಬೇರೆ ಜಾತಿ. ಅಲ್ಲಿ ಎಷ್ಟು ಬ್ಲೀಚಿಂಗ್ ಪೌಡರ್ ಎರಚಿದರೂ ಡೆಂಗ್ಯೂ ಕಮ್ಮಿ ಆಗುವುದಿಲ್ಲ.

ಮೊಟ್ಟೆ ಸೊಳ್ಳೆಯಾಗಲು 7ರಿಂದ 10 ದಿನ ಬೇಕು. ಹಾಗಾಗಿ ತೊಟ್ಟಿ ತೊಳೆಯುವ ದಿನ ವಾರಕ್ಕೊಮ್ಮೆ ಬರಲೇಬೇಕು, ಅದೂ ನೀರು ಬಿಡುವ ಹಿಂದಿನ ದಿನ. ಆಗ ತೊಟ್ಟಿ ತಳ ಕಂಡಿರುತ್ತೆ. ತುಂಬಿದ ತೊಟ್ಟಿ ಚೆಲ್ಲಿ ಅಂದರೆ ನಮ್ಮ ಕಡೆ ಯಾರೂ ಕೇಳುವುದಿಲ್ಲ, ಕೇಳಲೂಬಾರದು. ಯಾವ ಬೀದಿಗೆ ಯಾವತ್ತು ನೀರು ಅನ್ನೋದು ನೀರುಗಂಟಿಗೆ ಗೊತ್ತು. ಆ ಪಟ್ಟಿಯ ಪ್ರಕಾರವೇ ಆಶಾ ಕಾರ್ಯಕರ್ತೆಯರು ಮನೆ ಸುತ್ತಲಿ. ಉಳಿದ ನೀರನ್ನು ಗಿಡಕ್ಕೆ ಸುರಿದರೆ ಸಾಲದು: ಮೊಟ್ಟೆ ನೀರಿನ ಗೆರೆಯ ಮೇಲೆ ಗೋಡೆಗೆ ಅಂಟಿರುತ್ತೆ, ಒಣಗಿಯೂ ತಿಂಗಳುಗಟ್ಟಲೆ ಬದುಕಿರುತ್ತೆ. ಗೆರೆಯ ಸುತ್ತ ತೆಂಗಿನ ನಾರಿನಿಂದ ಗಸಗಸ ಉಜ್ಜಬೇಕು. ಉಜ್ಜದೆ ನೀರು ತುಂಬಿದರೆ ಆ ಮೊಟ್ಟೆಗಳೇ ಮತ್ತೆ ಒಡೆಯುತ್ತವೆ.

ಹುಳು ಮನೆಯಲ್ಲೇ ಒಂದು ಜಾಗವನ್ನು ಎಲ್ಲರೂ ಮರೆಯುತ್ತಾರೆ. ಇರುವೆ ಹತ್ತದಿರಲಿ ಅಂತ ಸ್ಟ್ಯಾಂಡಿನ ಕಾಲಿನ ಕೆಳಗೆ ಇಡುವ ನೀರಿನ ಬಟ್ಟಲುಗಳು. ವಾರಕ್ಕೊಮ್ಮೆ ಅವನ್ನು ಚೆಲ್ಲಿ, ಉಜ್ಜಿ, ಹೊಸ ನೀರು ಹಾಕಿ.

ಖಾಲಿ ಮಾಡಲಾಗದ ದೊಡ್ಡ ಸಿಮೆಂಟ್ ತೊಟ್ಟಿಗೆ ಸೊಳ್ಳೆ ಮರಿ ತಿನ್ನುವ ಗಪ್ಪಿ ಮೀನು ಒಳ್ಳೆಯದು. ಕೋಲಾರ ಜಿಲ್ಲೆಯ ಕಾಮಸಮುದ್ರ ಭಾಗದಲ್ಲಿ ಮಲೇರಿಯಾ ಸಂಶೋಧಕರು ಬಾವಿಗಳಿಗೆ ಇದನ್ನೇ ಬಿಟ್ಟು ಫಲ ಕಂಡಿದ್ದಾರೆ. ಚದರ ಮೀಟರ್‌ಗೆ 5ರಿಂದ 10 ಮೀನು ಸಾಕು. ಆ ತೊಟ್ಟಿಗೆ ಬ್ಲೀಚಿಂಗ್ ಹಾಕಿದರೆ ಮೀನು ಸತ್ತು ತೇಲುತ್ತವೆ. ಕೆರೆಗೆ ಮಾತ್ರ ಬಿಡಬೇಡಿ, ನಾಟಿ ಮೀನುಗಳಿಗೆ ತೊಂದರೆ.

ಮೀನೂ ಆಗದ ಬಳಕೆ ನೀರಿಗೆ ಆರೋಗ್ಯ ಇಲಾಖೆಯವರ ಕೈಯಲ್ಲಿ ಲಾರ್ವಾ ಕೊಲ್ಲುವ ಟೆಮೆಫಾಸ್ ಔಷಧಿ ಹಾಕಿಸಿ. 50% ದ್ರಾವಣವಾದರೆ 1000 ಲೀಟರ್‌ಗೆ 2 ಮಿಲಿ, ಸಿರಿಂಜಿನಲ್ಲೇ ಅಳೆಯಬೇಕು. ಬಾಟಲಿ ಮುಚ್ಚಳದ ಅಂದಾಜಿನಲ್ಲಿ ಸುರಿದರೆ ಹಲವು ಪಟ್ಟು ಜಾಸ್ತಿ ಬೀಳುತ್ತೆ. ಅದರ ಬದಲು ಬಿಟಿಐ (ಲಾರ್ವಾ ಕೊಲ್ಲುವ ಬ್ಯಾಕ್ಟೀರಿಯಾದ ಪುಡಿ ಅಥವಾ ದ್ರಾವಣ) ತರಿಸುವುದಾದರೆ ಪೊಟ್ಟಣದ ಮೇಲೆ ‘ಇಸ್ರೇಲೆನ್ಸಿಸ್’ ಅಂತ ಇದೆಯಾ ನೋಡಿ. ‘ಕುರ್ಸ್ಟಾಕಿ’ ಅಂತ ಇದ್ದರೆ ವಾಪಸ್ ಕೊಡಿ. ಅದು ಬೆಳೆ ತಿನ್ನುವ ಕಂಬಳಿಹುಳುವಿನ ಔಷಧಿ, ರೇಷ್ಮೆ ಹುಳುವನ್ನೂ ಬಿಡುವುದಿಲ್ಲ.

ಬುದ್ಧಿಮಾತು ಕೇಳದ ಮನೆಗಳಿಗೆ ದಂಡವೂ ಇದೆ. 2024ರಲ್ಲಿ ಸರ್ಕಾರ ಡೆಂಗ್ಯೂವನ್ನು ಸಾಂಕ್ರಾಮಿಕ ರೋಗ ಅಂತ ಘೋಷಿಸಿ, ಸೊಳ್ಳೆ ಬೆಳೆಯಲು ಬಿಟ್ಟ ಹಳ್ಳಿ ಮನೆಗೆ 200 ರೂಪಾಯಿ ನಿಗದಿ ಮಾಡಿತು.

ಡೆಂಗ್ಯೂ ಖಚಿತವಾದರೆ ರೋಗಿಯ ಮನೆ ಮತ್ತು ಅಕ್ಕಪಕ್ಕದ ಮನೆಗಳ ಒಳಗೆ ಪೈರೆಥ್ರಮ್ ಎಂಬ ಕೀಟನಾಶಕದ ಸಿಂಪಡಣೆ ತಪ್ಪಿಸಲಾಗದು: 2% ಪೈರೆಥ್ರಮ್ 1 ಭಾಗಕ್ಕೆ ಸೀಮೆಎಣ್ಣೆ 19 ಭಾಗ. ಇದೂ ಹುಳುವಿಗೆ ವಿಷವೇ. ಹಿಂದಿನ ದಿನವೇ ಟಾಂಟಾಂ ಹೊಡೆಸಿ, ಹುಳು ಇರುವ ಮನೆಗಳನ್ನು ಗುರುತಿಸಿ, ಸಿಂಪಡಣೆಯಿಂದ ಹೊರಗಿಡಿ. ಅಲ್ಲಿ ತೊಟ್ಟಿ, ಬಟ್ಟಲು ತೊಳೆಸಿದರೆ ಸಾಕು. ಔಷಧಿ ಸೋಕಿದ ಹಿಪ್ಪುನೇರಳೆ ಸೊಪ್ಪನ್ನು ಆಗ ಮೇಯುತ್ತಿರುವ ಹುಳುವಿಗೆ ಹಾಕಲೇಬೇಡಿ. ಸೀಮೆಎಣ್ಣೆಯಲ್ಲಿ ಕಲಸಿದ್ದು ನೀರಲ್ಲಿ ತೊಳೆದರೆ ಹೋಗುವುದಿಲ್ಲ.