ಅಡ್ವಾನ್ಸಿನಲ್ಲಿ ಎಷ್ಟು ಮುರಿದುಕೊಳ್ಳಬಹುದು?

ಬಾಡಿಗೆದಾರರು ಮನೆ ಖಾಲಿ ಮಾಡಿದ ವಾರದಲ್ಲೇ ಬೆಂಗಳೂರಿನ ಓನರುಗಳು ರಿಪೇರಿ ಪಟ್ಟಿ ಹಿಡಿದು ನನ್ನ ಕಚೇರಿಗೆ ಬರುತ್ತಾರೆ. ಅಡ್ವಾನ್ಸ್ ಕೈಯಲ್ಲಿದೆ, ಮುರಿದುಕೊಂಡರಾಯಿತು ಎಂಬ ಧೈರ್ಯ. ಆದರೆ ಆ ದುಡ್ಡು ಬಾಡಿಗೆದಾರರದ್ದು. ಮುರಿದ ಪ್ರತಿ ರೂಪಾಯಿಗೂ ಲೆಕ್ಕ ಕೊಡಬೇಕಾದವರು ಓನರೇ.

1882ರ ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಕಲಮಿನ ಪ್ರಕಾರ, ಕರಾರಿನಲ್ಲಿ ಬೇರೆ ಮಾತಾಗಿರದಿದ್ದರೆ, ಮನೆ ಕೈಗೆ ಬಂದಾಗ ಇದ್ದ ಸ್ಥಿತಿಯಲ್ಲೇ ಬಾಡಿಗೆದಾರ ಅದನ್ನು ಒಪ್ಪಿಸಬೇಕು. ಸಹಜ ಸವಕಳಿಗೆ ಮತ್ತು ತಡೆಯಲಾಗದ ಶಕ್ತಿಯಿಂದಾದ ಹಾನಿಗೆ ಮಾತ್ರ ಅವರು ಹೊಣೆಯಲ್ಲ. ಜಗಳವೆಲ್ಲ ಈ ಸವಕಳಿಯ ಗೆರೆ ಎಲ್ಲಿ ಎಂಬುದರ ಮೇಲೆ.

ಇತ್ತೀಚಿನ ಒಂದು ಪಟ್ಟಿಯಲ್ಲಿ ಗೀಸರ್ ಕಾಯಿಲ್, ವಾರ್ಡ್‌ರೋಬಿನ ಬೂಷ್ಟು, ಅಡುಗೆಮನೆ ಗ್ರಾನೈಟ್ ಕಟ್ಟೆಯ ಬಿರುಕು ಮೂರೂ ಇದ್ದವು. ಕಾಯಿಲ್ ಸುಟ್ಟಿದ್ದು ಬೋರ್‌ವೆಲ್ ನೀರಿನ ಸುಣ್ಣ ಕಟ್ಟಿ, ಅದು ಸವಕಳಿ. ಬೂಷ್ಟು ಹಿಡಿದಿದ್ದು ಮೇಲ್ಮನೆಯ ಬಾತ್‌ರೂಮಿನಿಂದ ಇಳಿದ ತೇವಕ್ಕೆ. ಅದರ ರಿಪೇರಿ ಓನರದ್ದೇ. ಉಳಿದಿದ್ದು ಗ್ರಾನೈಟ್. ಬಾಡಿಗೆದಾರರೇ ವಾಟ್ಸಾಪ್‌ನಲ್ಲಿ ‘ಸಾರಿ ಅಂಕಲ್, ತೆಂಗಿನಕಾಯಿ ಒಡೆಯುವಾಗ ಸಿಂಕಿನ ಹತ್ತಿರ ಸೀಳಿಬಿಡ್ತು’ ಎಂದು ಬರೆದಿದ್ದರು. ಇದಕ್ಕಿಂತ ಸಾಕ್ಷಿ ಬೇಕೆ? ಕೋರ್ಟಿಗೆ ಹೋದರೆ ಆ ಮೆಸೇಜಿನ ಜತೆ, ಎಲೆಕ್ಟ್ರಾನಿಕ್ ದಾಖಲೆಗಳಿಗೆ ಬೇಕಾದ, ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಇಡಬೇಕು, ಅಷ್ಟೇ. ಹಾಗಂತ ಹನ್ನೆರಡು ವರ್ಷದ ಹಳೇ ಕಲ್ಲಿಗೆ ದುಬಾರಿ ಹೊಸ ಕಲ್ಲಿನ ಬೆಲೆ ಕೇಳುವಂತಿಲ್ಲ. ಕಲ್ಲು ಹಳತಾದಷ್ಟು ಬೆಲೆ ಕಳೆದು ಉಳಿದದ್ದು ಕೇಳಿ ಎಂದೆ. ಓನರಿಗೆ ಹಿಡಿಸಲಿಲ್ಲ.

ಪೇಂಟಿಂಗಿಗೆಂದು ಒಂದು ತಿಂಗಳ ಬಾಡಿಗೆ ಮುರಿದುಕೊಳ್ಳುವುದು ಇಲ್ಲಿನ ರೂಢಿ, ಕಾನೂನಲ್ಲ. ಕರಾರಿನಲ್ಲಿ ಬರೆದಿದ್ದರೆ ಮಾತು ಬೇರೆ. ಮೂರ್ನಾಲ್ಕು ವರ್ಷ ಇದ್ದವರಿಂದ ಪೂರ್ತಿ ಬಣ್ಣದ ಖರ್ಚು ಕೀಳುವುದು ನನ್ನ ಮಟ್ಟಿಗೆ ಅನ್ಯಾಯವೇ. ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆ ಗೋಡೆಗೆ ಸುಣ್ಣ, ಬಾಗಿಲು ಕಿಟಕಿಗೆ ಬಣ್ಣ ಹೊಡೆಸುವುದನ್ನು ಓನರಿಗೂ, ನಲ್ಲಿ, ಸ್ವಿಚ್ಚು, ಬೀಗ, ಕಿಟಕಿ ಗಾಜನ್ನು ಬಾಡಿಗೆದಾರರಿಗೂ ಹಂಚಿದೆ. ರಾಜ್ಯ ಅಳವಡಿಸಿಕೊಂಡರಷ್ಟೇ ಅದು ಕಾನೂನು, ಆದರೂ ಆ ಪಟ್ಟಿಯನ್ನು ಕರಾರಿಗೆ ಸೇರಿಸಿಕೊಳ್ಳಲು ಅಡ್ಡಿಯಿಲ್ಲ.

ಹಾನಿ ಅಡ್ವಾನ್ಸನ್ನೂ ಮೀರಿದರೆ ನೋಟಿಸು ಕೊಟ್ಟು ಮೂರು ವರ್ಷದೊಳಗೆ ದಾವೆ ಹೂಡಬಹುದು. ಸಣ್ಣ ಮೊತ್ತಕ್ಕೆ ನಾನು ಬೇಡವೆನ್ನುತ್ತೇನೆ, ಓಡಾಟವೇ ಅದನ್ನು ನುಂಗುತ್ತದೆ. ತಕರಾರಿಲ್ಲದ ಹಣವನ್ನು ಮೊದಲು ವಾಪಸ್ ಕೊಟ್ಟು, ಉಳಿದದ್ದಕ್ಕೆ ಬಿಲ್ಲು ತೋರಿಸಿ. ಬಿಲ್ಲೆಂದರೆ ಕೆಲಸದವನ ಹೆಸರು, ತಾರೀಖು, ಸಹಿ ಇರುವುದು. ಬಿಳಿ ಚೀಟಿಯಲ್ಲಿ ‘ಪ್ಲಂಬಿಂಗ್ 8,000’ ಎಂದು ಗೀಚಿದ್ದನ್ನು ಎದುರಿನ ವಕೀಲರು ಒಂದೇ ಪ್ರಶ್ನೆಗೆ ಹರಿದು ಹಾಕುತ್ತಾರೆ.