ಪಾರ್ಟ್ ಲೋಡ್: ದರಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ

ಮಂಗಳೂರು ಬಳಿಯ ಬೈಕಂಪಾಡಿಯ ಸಣ್ಣ ಕಾರ್ಖಾನೆಗಳಿಂದಲೂ ಕಾರ್ಕಳ, ಪುತ್ತೂರು ಕಡೆಯ ಹಾಳೆತಟ್ಟೆ ಘಟಕಗಳಿಂದಲೂ ಹೊರಡುವ ಸರಕಿನಲ್ಲಿ ಬಹಳಷ್ಟು ಪಾರ್ಸೆಲ್ ಎನ್ನುವಷ್ಟು ಚಿಕ್ಕದೂ ಅಲ್ಲ, ಇಡೀ ಲಾರಿ ತುಂಬುವಷ್ಟು ದೊಡ್ಡದೂ ಅಲ್ಲ. ಅರ್ಧ ಟನ್ನಿನಿಂದ ನಾಲ್ಕೈದು ಟನ್ನಿನವರೆಗಿನ ಇಂತಹ ಸರಕನ್ನು, ಅಂದರೆ ಪಾರ್ಟ್ ಲೋಡನ್ನು, ಕಳುಹಿಸುವವರು ನನ್ನಲ್ಲಿ ಮೊದಲು ಕೇಳುವುದು ಕೆ.ಜಿ.ಗೆ ಎಷ್ಟು ಎಂದು. ಸರಕು ಮುಟ್ಟುವ ಮೊದಲು ಎಷ್ಟು ಸಲ ಇಳಿದು ಏರುತ್ತದೆ ಎಂಬುದನ್ನು ಅದಕ್ಕೂ ಮೊದಲು ಕೇಳಬೇಕೆಂಬುದು ನನ್ನ ಅಭಿಪ್ರಾಯ.

ಪಾರ್ಸೆಲ್ ಸೇವೆಯಲ್ಲಿ ನಿಮ್ಮ ಪೆಟ್ಟಿಗೆ ಟೆಂಪೋದಲ್ಲಿ ಮಂಗಳೂರಿನ ಗೋದಾಮಿಗೆ, ಲಾರಿಯಲ್ಲಿ ಬೆಂಗಳೂರಿನ ಗೋದಾಮಿಗೆ, ಇನ್ನೊಂದು ಲಾರಿಯಲ್ಲಿ ಕೊಯಮತ್ತೂರಿಗೆ, ಅಲ್ಲಿಂದ ಮತ್ತೊಂದು ಟೆಂಪೋದಲ್ಲಿ ಅಂಗಡಿಗೆ ಹೋಗುತ್ತದೆಂದುಕೊಳ್ಳಿ. ನಾಲ್ಕು ವಾಹನ, ಎಂಟು ಬಾರಿ ಹಮಾಲರ ಕೈ. ಅದೇ ದಿಕ್ಕಿಗೆ ಹೋಗುವ ಲಾರಿಯಲ್ಲಿ ಇತರರೊಂದಿಗೆ ಜಾಗ ಹಂಚಿಕೊಂಡರೆ ಸರಕು ಒಮ್ಮೆ ಏರಿ ಒಮ್ಮೆ ಇಳಿಯುತ್ತದೆ. ಹೆಂಚು, ಗಾಜಿನ ಭರಣಿಯ ಉಪ್ಪಿನಕಾಯಿ, ಮರದ ಚೌಕಟ್ಟಿನಲ್ಲಿ ಕೂರಿಸಿದ ಯಂತ್ರ ಮುಂತಾದವುಗಳಿಗೆ ಕೆ.ಜಿ.ಗೆ ಒಂದು ರೂಪಾಯಿ ಹೆಚ್ಚಾದರೂ ಇದೇ ಲಾಭ. ಲಾರಿ ತುಂಬುವವರೆಗೆ ಒಂದೆರಡು ದಿನ ಕಾಯಬೇಕಾಗುತ್ತದೆ ಎಂಬುದು ನಿಜ. ಒಳಗಡೆ ಪೇರಿಸಿದ ಸರಕು ಕೊನೆಗೆ ಇಳಿಯುವುದರಿಂದ, ಯಾರ ಊರು ಮೊದಲು ಬರುತ್ತದೆ ಎಂಬುದನ್ನು ಲೋಡಿಂಗಿನ ಹೊತ್ತಿಗೇ ತಿಳಿದಿರಬೇಕು.

ಬಾಡಿಗೆಯ ಲೆಕ್ಕದಲ್ಲಿ ತೂಕವೊಂದೇ ಇರುವುದಿಲ್ಲ, ಸರಕು ಹಿಡಿಯುವ ಜಾಗವನ್ನೂ ಕೆ.ಜಿ.ಗೆ ಪರಿವರ್ತಿಸುತ್ತಾರೆ. ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರಿನಲ್ಲಿ ಗುಣಿಸಿ 27,000ದಿಂದ ಭಾಗಿಸಿ, ಬಂದದ್ದನ್ನು ಸಾಗಣೆದಾರರು ನಿಗದಿಪಡಿಸಿದ 6ರಿಂದ 10ರವರೆಗಿನ ಅಂಕಿಯಿಂದ ಗುಣಿಸುವುದು ರೂಢಿ. 60×45×45ರ ಹಾಳೆತಟ್ಟೆಯ ರಟ್ಟಿನ ಪೆಟ್ಟಿಗೆ ತಕ್ಕಡಿಯಲ್ಲಿ 18 ಕೆ.ಜಿ. ತೂಗಿದರೂ, ಅಂಕಿ 10 ಆಗಿದ್ದರೆ ಬಿಲ್ಲಿನಲ್ಲಿ ಅದು 45 ಕೆ.ಜಿ.! ಅಂಕಿಯನ್ನು 7ಕ್ಕೆ ಇಳಿಸಿಕೊಂಡರೆ 31.5 ಆಗುತ್ತದೆ. ದರದಲ್ಲಿ ಐವತ್ತು ಪೈಸೆಗಾಗಿ ಚೌಕಾಸಿ ಮಾಡುವವರು ಈ ಅಂಕಿಯನ್ನು ವಿಚಾರಿಸುವುದೇ ಇಲ್ಲ.

ಹಂಚಿಕೊಂಡ ಲಾರಿಯಲ್ಲಿ ಕಾಗದಪತ್ರದ ಅಪಾಯವೂ ಹಂಚಿಕೆಯಾಗುತ್ತದೆ. ಸಾಮಾನ್ಯವಾಗಿ 50,000 ರೂಪಾಯಿ ಮೀರಿದ ಸರಕಿಗೆ ಇ-ವೇ ಬಿಲ್ (ಜಿ.ಎಸ್.ಟಿ.ಯಡಿ ಆನ್‌ಲೈನಿನಲ್ಲಿ ಪಡೆಯುವ ಸಾಗಣೆ ಪತ್ರ) ಬೇಕು. ಅದರ ಅವಧಿ ಪ್ರತಿ 200 ಕಿ.ಮೀ.ಗೆ ಒಂದು ದಿನ. ಒಬ್ಬರ ಬಿಲ್ಲಿನಲ್ಲಿ ದೋಷವಿದ್ದು ಲಾರಿಯನ್ನು ತಡೆದರೆ ಉಳಿದವರ ಸರಕೂ ರಸ್ತೆಬದಿಯಲ್ಲೇ ನಿಲ್ಲುತ್ತದೆ. ಮಳೆಗಾಲದಲ್ಲಿ ಶಿರಾಡಿ ಘಾಟಿಯಲ್ಲಿ ಗುಡ್ಡ ಕುಸಿದರೆ, 2024ರ ಜುಲೈಯಲ್ಲಿ ಆದಂತೆ, ಭಾರಿ ಲಾರಿಗಳಿಗೆ ಚಾರ್ಮಾಡಿ, ಆಗುಂಬೆಗಳು ಬದಲಿ ದಾರಿಯಾಗುವುದಿಲ್ಲ. ಆಗ ಇ-ವೇ ಬಿಲ್ಲಿನ ಅವಧಿ ಮುಗಿಯುವುದಕ್ಕೆ ಎಂಟು ಗಂಟೆ ಮೊದಲಿನಿಂದ, ಮುಗಿದ ಎಂಟು ಗಂಟೆಯೊಳಗೆ ಅದನ್ನು ವಿಸ್ತರಿಸಿಕೊಳ್ಳಬೇಕು. ಮಲ್ಪೆಗೆ ಹಿಂತಿರುಗುವ ಖಾಲಿ ಮೀನಿನ ಗಾಡಿ ಅಗ್ಗಕ್ಕೆ ಸಿಗುತ್ತದೆಂದು ಬಟ್ಟೆ, ಬೇಳೆಗಳನ್ನು ಅದರಲ್ಲಿ ತರಿಸುವವರಿಗೆ ನಾನು ಹೇಳುವುದೇನೂ ಇಲ್ಲ, ಮೂಗೇ ಹೇಳುತ್ತದೆ.

ಇನ್ನು ನಷ್ಟದ ವಿಚಾರ. 2007ರ ರಸ್ತೆ ಸಾಗಣೆ ಕಾಯ್ದೆಯಡಿ 2011ರಲ್ಲಿ ಬಂದ ನಿಯಮಗಳ ಪ್ರಕಾರ, ಹೆಚ್ಚಿನ ಅಪಾಯದ ದರಕ್ಕೆ (ಸಾಗಣೆದಾರರು ಹೆಚ್ಚು ಹೊಣೆ ಹೊರಲು ಕೇಳುವ ಹೆಚ್ಚಿನ ಬಾಡಿಗೆಗೆ) ನೀವು ಮೊದಲೇ ಒಪ್ಪಿಕೊಂಡಿರದಿದ್ದರೆ, ಸಾಗಣೆದಾರರ ಹೊಣೆ ಸಾಮಾನ್ಯವಾಗಿ ಬಾಡಿಗೆಯ ಹತ್ತು ಪಟ್ಟಿಗೆ ಸೀಮಿತ. ಮೂರು ಸಾವಿರ ಬಾಡಿಗೆಯ ಲೋಡಿನಲ್ಲಿ ಎರಡು ಲಕ್ಷದ ಯಂತ್ರವಿದ್ದರೆ ಮೂವತ್ತು ಸಾವಿರದ ಆಚೆಗಿನದು ನಿಮ್ಮದೇ, ಆದ್ದರಿಂದ ಸಾಗಣೆ ವಿಮೆಯನ್ನು ಪ್ರತ್ಯೇಕವಾಗಿ ಮಾಡಿಸುವುದೇ ಸರಿ. ಸರಕು ಇಳಿಸಿಕೊಳ್ಳುವವರು ಒಡೆದದ್ದು, ಒದ್ದೆಯಾದದ್ದು, ಕಡಿಮೆ ಬಂದದ್ದನ್ನು ಎಲ್.ಆರ್. (ಸಾಗಣೆದಾರರು ಕೊಡುವ ಲಾರಿ ರಸೀದಿ) ಪ್ರತಿಯ ಮೇಲೆ ಬರೆದ ನಂತರವೇ ಸಹಿ ಹಾಕಬೇಕು, ಫೋಟೋ ತೆಗೆದಿಡಬೇಕು. ಮೊಕದ್ದಮೆಯವರೆಗೆ ಹೋಗುವುದಾದರೆ ಸಾಗಣೆದಾರರಿಗೆ ಲಿಖಿತ ನೋಟಿಸು ಬುಕಿಂಗ್ ದಿನದಿಂದ 180 ದಿನಗಳೊಳಗೆ ತಲುಪಿರಬೇಕು. ಈ ದಿನಗಳ ಎಣಿಕೆ ಡೆಲಿವರಿಯ ದಿನದಿಂದಲ್ಲ.