ತೂಗಾಡುವ ಹೊರೆಗೆ ತಂತಿ ಎಷ್ಟು ಹಿಗ್ಗುತ್ತದೆ?

ಕಾರವಾರದ ಬಂದರಿನಂಥ ಕಡೆ ಕ್ರೇನು ಹಡಗಿನಿಂದ ಹೊರೆಯನ್ನೆತ್ತಿ ಧಕ್ಕೆಯತ್ತ ತಿರುಗಿಸುವಾಗ, ಹೊರೆ ನೆಟ್ಟಗೆ ನಿಲ್ಲದೆ ಅತ್ತಿಂದಿತ್ತ ತೂಗಾಡುತ್ತದೆ. ಆಗ ಅದನ್ನು ಹಿಡಿದಿರುವ ಉಕ್ಕಿನ ತಂತಿಯ ಉದ್ದವೂ ಕ್ಷಣಕ್ಷಣಕ್ಕೆ ಬದಲಾಗುತ್ತಿರುತ್ತದೆ. ಕಣ್ಣಿಗೆ ಕಾಣದ ಈ ಬದಲಾವಣೆಯನ್ನು ಪ್ರೌಢಶಾಲೆಯ ಗಣಿತದಿಂದಲೇ ಲೆಕ್ಕ ಹಾಕಬಹುದು.

ಮೊದಲು ಅಲುಗಾಡದ ಹೊರೆಯನ್ನು ನೋಡೋಣ. ತಂತಿ ಹಿಗ್ಗುವ ಪ್ರಮಾಣವು ಎಳೆಯುವ ಬಲಕ್ಕೆ ಅನುಗುಣವಾಗಿರುತ್ತದೆ ಎಂಬುದನ್ನು ರಾಬರ್ಟ್ ಹುಕ್ 1678ರಲ್ಲಿ ಪ್ರಕಟಿಸಿದರು. ಬಲವನ್ನು ಉದ್ದದಿಂದ ಗುಣಿಸಿ, ತಂತಿಯ ಅಡ್ಡಕೊಯ್ತದ ವಿಸ್ತೀರ್ಣ ಮತ್ತು ಯಂಗ್ ಗುಣಾಂಕ (ವಸ್ತುವು ಹಿಗ್ಗುವುದನ್ನು ಎಷ್ಟು ತಡೆಯುತ್ತದೆ ಎಂಬುದರ ಅಳತೆ) ಇವೆರಡರ ಗುಣಲಬ್ಧದಿಂದ ಭಾಗಿಸಿದರೆ ಹಿಗ್ಗು ದೊರೆಯುತ್ತದೆ. ಉಕ್ಕಿಗೆ ಈ ಗುಣಾಂಕ ಚದರ ಮೀಟರಿಗೆ ಸುಮಾರು 20,000 ಕೋಟಿ ನ್ಯೂಟನ್. 20 ಮೀಟರ್ ಉದ್ದದ, 10 ಮಿಲಿಮೀಟರ್ ವ್ಯಾಸದ ಒಂಟಿ ಉಕ್ಕಿನ ತಂತಿಗೆ 1,000 ಕಿಲೋಗ್ರಾಂ ಹೊರೆಯನ್ನು ತೂಗುಹಾಕಿದರೆ, ಅದು ಸುಮಾರು 12.5 ಮಿಲಿಮೀಟರ್ ಹಿಗ್ಗುತ್ತದೆ.

ಹೊರೆ ತೂಗಾಡತೊಡಗಿದರೆ ತಂತಿಯ ಮೇಲೆ ಎರಡು ಕೆಲಸಗಳು ಬೀಳುತ್ತವೆ. ತೂಕವನ್ನು ಹೊರುವುದರ ಜೊತೆಗೆ, ಹೊರೆಯು ನೇರ ಗೆರೆಯಲ್ಲಿ ಹಾರಿಹೋಗದಂತೆ ಅದನ್ನು ವೃತ್ತದ ಹಾದಿಗೆ ಎಳೆದು ತಿರುಗಿಸಬೇಕಾಗುತ್ತದೆ. ಈ ಎರಡನೆಯ ಬಲ ವೇಗದ ವರ್ಗಕ್ಕೆ ಅನುಗುಣವಾಗಿ ಹೆಚ್ಚುತ್ತದೆ, ತಂತಿಯ ಉದ್ದ ಹೆಚ್ಚಿದಂತೆ ಕುಗ್ಗುತ್ತದೆ. ಆದರೆ ಅದೇ ಕೋನದ ತೂಗಾಟದಲ್ಲಿ ತಂತಿ ಉದ್ದವಾದಷ್ಟೂ ಹೊರೆ ಹೆಚ್ಚು ಎತ್ತರದಿಂದ ಇಳಿದು, ಅದರ ವೇಗದ ವರ್ಗವೂ ಅಷ್ಟೇ ಪ್ರಮಾಣದಲ್ಲಿ ಹೆಚ್ಚುವುದರಿಂದ, ಇವೆರಡೂ ಒಂದನ್ನೊಂದು ನಿಖರವಾಗಿ ರದ್ದುಗೊಳಿಸುತ್ತವೆ. ಕೊನೆಗೆ ಉಳಿಯುವುದು, ತೂಗಾಟದ ಮೇಲಿನ ತುದಿಯಲ್ಲಿ ತಂತಿ ನೆಟ್ಟಗಿನ ಗೆರೆಯಿಂದ ಓರೆಯಾಗಿರುವ ಕೋನವೊಂದೇ: ತೀರಾ ಕೆಳಗಿನ ಬಿಂದುವಿನಲ್ಲಿ ಎಳೆತವು, ಹೊರೆಯ ತೂಕವನ್ನು ಮೂರರಿಂದ ಆ ಕೋನದ ಕೊಸೈನಿನ ಎರಡರಷ್ಟನ್ನು ಕಳೆದು ಬಂದ ಸಂಖ್ಯೆಯಿಂದ ಗುಣಿಸಿದಷ್ಟಿರುತ್ತದೆ. ಇಡೀ ಲೆಕ್ಕದಲ್ಲಿ ನನಗೆ ಅತ್ಯಂತ ಸುಂದರವೆನಿಸುವುದು ಇದೇ ಭಾಗ.

30 ಡಿಗ್ರಿಯಿಂದ ತೂಗಿಬರುವ ಹೊರೆಗೆ ಈ ಗುಣಕ ಸುಮಾರು 1.27, ನಮ್ಮ ತಂತಿ 15.8 ಮಿಲಿಮೀಟರ್ ಹಿಗ್ಗುತ್ತದೆ. 60 ಡಿಗ್ರಿಗೆ ಗುಣಕ ಸರಿಯಾಗಿ 2, ಹಿಗ್ಗು 25 ಮಿಲಿಮೀಟರ್. ಅದೇ ತೂಗಾಟದಲ್ಲಿ ಹೊರೆ ಮೇಲಿನ ತುದಿಯಲ್ಲಿ ಕ್ಷಣಕಾಲ ನಿಂತಾಗ ಎಳೆತ ತೂಕದ ಅರ್ಧಕ್ಕಿಳಿದು, ಹಿಗ್ಗು 6 ಮಿಲಿಮೀಟರಿನ ಆಸುಪಾಸಿಗೆ ಬರುತ್ತದೆ. ಬಲ ಹೀಗೆ ಬದಲಾಗುತ್ತಿರುವಾಗ ಸ್ಥಿರ ಹೊರೆಯ ಸೂತ್ರವನ್ನೇ ಬಳಸುವುದು ಸರಿಯೇ ಎಂದು ಕೇಳಬೇಕು. ಸಣ್ಣ ಕೋನದ ತೂಗಾಟಕ್ಕೆ ಈ ತಂತಿಯಲ್ಲಿ ಸುಮಾರು 9 ಸೆಕೆಂಡು ಬೇಕು. ಆದರೆ ಹೊರೆ ತಂತಿಯ ಉದ್ದಕ್ಕೆ ಮೇಲೆ ಕೆಳಗೆ ಕಂಪಿಸಲು 0.22 ಸೆಕೆಂಡು ಸಾಕು. ತಂತಿಗೆ ಹೊಂದಿಕೊಳ್ಳಲು ಧಾರಾಳ ಸಮಯವಿರುವುದರಿಂದ ಸೂತ್ರ ಚೆನ್ನಾಗಿಯೇ ಹೊಂದುತ್ತದೆ. ಎಳೆಗಳನ್ನು ಹೊಸೆದು ಮಾಡಿದ ತಂತಿಹಗ್ಗವು ಇಷ್ಟೇ ಲೋಹವಿರುವ ಒಂಟಿ ತಂತಿಗಿಂತ ಹೆಚ್ಚು ಹಿಗ್ಗುತ್ತದೆ ಎಂಬುದನ್ನು ಮಾತ್ರ ನೆನಪಿಡಬೇಕು.

ತೂಗಾಟಕ್ಕಿಂತ ಅಪಾಯಕಾರಿಯಾದದ್ದು ಜಗ್ಗು. ಅಲೆಯೊಂದಿಗೆ ಹಡಗು ಏರಿದಾಗ ತಂತಿ ಸಡಿಲವಾಗಿ, ಮರುಕ್ಷಣ ಹಡಗು ಇಳಿದು ಹೊರೆಗೆ ಆಸರೆ ತಪ್ಪಿ, ಅದು ಕೇವಲ 10 ಸೆಂಟಿಮೀಟರ್ ಬಿದ್ದು ತಂತಿಗೆ ಜೋತುಬಿತ್ತೆಂದುಕೊಳ್ಳಿ. ಬಿದ್ದ ಹೊರೆಯ ಶಕ್ತಿಯನ್ನೆಲ್ಲ ತಂತಿಯೇ ನುಂಗಬೇಕಾಗುವುದರಿಂದ ಹಿಗ್ಗು 64 ಮಿಲಿಮೀಟರಿಗೇರುತ್ತದೆ, ಎಳೆತ ತೂಕದ ಐದು ಪಟ್ಟು ದಾಟುತ್ತದೆ. ಇಲ್ಲಿ ಉದ್ದ ರದ್ದಾಗುವುದಿಲ್ಲ: ತಂತಿ 5 ಮೀಟರಷ್ಟೇ ಇದ್ದರೆ ಅದೇ ಬೀಳುವಿಕೆಗೆ ಎಳೆತ ತೂಕದ ಒಂಬತ್ತು ಪಟ್ಟಾಗುತ್ತದೆ, ಏಕೆಂದರೆ ಗಿಡ್ಡ ತಂತಿಗೆ ಹಿಗ್ಗಿ ಶಕ್ತಿಯನ್ನು ಹೀರಿಕೊಳ್ಳುವ ಅವಕಾಶ ಕಡಿಮೆ. ಹೊರೆ ನೆಲ ಬಿಡುವ ಮುನ್ನ ತಂತಿಯ ಸಡಿಲವನ್ನು ನಿಧಾನವಾಗಿ ಎಳೆದುಕೊಳ್ಳಬೇಕಾದದ್ದು ಇದಕ್ಕಾಗಿಯೇ.